ಬೆಂಗಳೂರು ಕಡೆ ಕೆರೆ ಗೋಡು ಫ್ರೀ ಅಂತಿದಾರೆ, ಸೊಪ್ಪಿನ ತೋಟಕ್ಕೆ ಹೊಡಿಸ್ಬಹುದಾ?

ಮಾಲೂರ್‌ಹುಡ್ಗ

ನಮಸ್ಕಾರ ಎಲ್ರಿಗೂ, ಸ್ವಲ್ಪ ಉದ್ದ ಆಗುತ್ತೆ ಬೇಜಾರ್ ಮಾಡ್ಕೋಬೇಡಿ.

ನಮ್ದು ಮಾಲೂರು ತಾಲ್ಲೂಕು. ಎರಡೂವರೆ ಎಕರೆ ಕೆಂಪು ಮಣ್ಣು, ಮರಳು ಜಾಸ್ತಿ, ಬೆಳಿಗ್ಗೆ ನೀರು ಬಿಟ್ರೆ ಸಂಜೆಗೆ ಒಣಗಿ ಬೂದಿ ಥರ ಇರುತ್ತೆ. ಒಂದೆಕರೇಲಿ ಕೊತ್ತಂಬರಿ, ದಂಟು, ಪಾಲಕ್ ಹಾಕ್ತೀವಿ, ಮಿಕ್ಕಿದ್ದು ರಾಗಿ, ಜೊತೆಗೆ ಒಂದಿಪ್ಪತ್ತು ಮಾವಿನ ಗಿಡ. ತಾತನ ಕಾಲದಲ್ಲಿ ಬೇಸಿಗೆ ಬಂತಂದ್ರೆ ಗಾಡಿ ಕಟ್ಕೊಂಡು ನಮ್ಮೂರ ಕೆರೆಯಿಂದಾನೇ ಗೋಡು (ಕೆರೆ ತಳದ ಹೂಳು ಮಣ್ಣು) ಹೊಡೀತಿದ್ರಂತೆ, ಅಪ್ಪನೂ ಟ್ರ್ಯಾಕ್ಟರಲ್ಲಿ ಎರಡು ಮೂರ್ ಸಲ ಹೊಡಿಸಿದಾರೆ. ಈಗ ಕೆಸಿ ವ್ಯಾಲಿ ನೀರು (ಬೆಂಗಳೂರಿನ ಚರಂಡಿ ನೀರನ್ನ ಶುದ್ಧ ಮಾಡಿ ಕೋಲಾರದ ಕಡೆ ಕೆರೆಗಳಿಗೆ ಬಿಡ್ತಾರಲ್ಲ, ಅದು) ಬಂದ್ಮೇಲೆ ಕೆರೆ ಒಣಗೋದೇ ಇಲ್ಲ. ಬೋರಲ್ಲಿ ನೀರು ಮೇಲಕ್ಕೆ ಬಂತು, ಅದಕ್ಕೆ ಖುಷಿ ಇದೆ, ಆದ್ರೆ ಗೋಡು ತೆಗೆಯೋಕೆ ಕೆರೆ ಬತ್ತಬೇಕಲ್ಲ.

ಈಗ ವಿಷ್ಯ ಏನಂದ್ರೆ ಬೆಂಗಳೂರಿನ ಅಂಚಲ್ಲಿರೋ ಒಂದು ಕೆರೇಲಿ ಹೂಳೆತ್ತುತಾ ಇದಾರೆ (ಹೆಸ್ರು ಬೇಡ ಬಿಡಿ), ಟಿಪ್ಪರ್‌ನವನೊಬ್ಬ ಬಂದು ಅಣ್ಣ ಮಣ್ಣು ಫ್ರೀ, ಬಾಡಿಗೆ ಒಂದು ಕೊಡಿ ಸಾಕು, ಎಕರೆಗೆ ಇಪ್ಪತ್ತು ಲೋಡ್ ಹಾಕ್ಸಿ, ಐದು ವರ್ಷ ಗೊಬ್ಬರದ ಅಂಗಡಿ ಮುಖ ನೋಡೋದೇ ಬೇಡ ಅಂತಿದಾನೆ. ಅಪ್ಪಂಗೆ ಫುಲ್ ಆಸೆ ಬಂದ್ಬಿಟ್ಟಿದೆ. ನಾನು ಒಂದು ಸಿಮೆಂಟ್ ಚೀಲದಲ್ಲಿ ಸ್ಯಾಂಪಲ್ ತಂದು ತಾರಸಿ ಮೇಲೆ ಹರವಿದೆ. ತಂದಾಗ ಕಪ್ಪು ಅಂದ್ರೆ ಕಪ್ಪು, ಕಾಡಿಗೆ ಥರ, ಕೈಗೆ ಹಚ್ಕೊಂಡ್ರೆ ಬೆಣ್ಣೆ ಹಂಗೆ ನುಣ್ಣಗೆ, ವಾಸನೆ ಮಾತ್ರ ಕೊಳೆತ ಮೊಟ್ಟೆದು. ಮೂರು ದಿನ ಬಿಸಿಲಿಗೆ ಬಿದ್ಮೇಲೆ ಮೇಲ್ಗಡೆ ಎಲ್ಲಾ ಕಂದು ಬಣ್ಣ ಆಗಿ ಬಿರುಕಿನ ಅಂಚಲ್ಲಿ ತುಕ್ಕು ಹಿಡ್ದಂಗೆ ಗೆರೆ ಬಂದಿದೆ, ವಾಸನೆನೂ ಹೋಯ್ತು. ಒಳಗೆ ಮೂರು ಶಾಂಪೂ ಪ್ಯಾಕೆಟ್ಟು ಒಂದು ಸಿರಿಂಜು ಸಿಕ್ತು. ಅಪ್ಪ ಅದನ್ನ ಆ ಕಡೆ ಎಸೆದು ಒಂದು ಹೆಂಟೆ ಪುಡಿ ಮಾಡಿ ಮೂಸಿ ನೋಡಿ ಸಾರ ಇದೆ ಕಣೋ ಅಂದ್ರು.

ನಂಗೆ ಅನುಮಾನ ಯಾಕಂದ್ರೆ ಆ ಕೆರೆ ಮೇಲ್ಗಡೆ ಬರೀ ಮನೆಗಳಲ್ಲ, ಒಂದಷ್ಟು ಪ್ಲೇಟಿಂಗ್ ಅಂಗಡಿ (ಲೋಹದ ಸಾಮಾನಿಗೆ ಬೇರೆ ಲೋಹದ ಲೇಪನ ಹಾಕೋದು), ಪೌಡರ್ ಕೋಟಿಂಗು, ಗ್ಯಾರೇಜು ಎಲ್ಲಾ ಇದೆ, ರಾಜಕಾಲುವೆ ಅಲ್ಲಿಂದಾನೇ ಬರೋದು. ಸಾಯಿಲ್ ಹೆಲ್ತ್ ಕಾರ್ಡಿಗೆ ಇದನ್ನೂ ಕೊಟ್ಟು ನೋಡ್ಬಿಡಣ ಅಂತ ಅಪ್ಪ ಹೇಳ್ತಿದಾರೆ, ಕಾರ್ಡಲ್ಲಿ ಸರಿ ಅಂತ ಬಂದ್ರೆ ಹೊಡ್ಸೋದೇ ಅಂತೆ. ನಮ್ಮ ಹೊಲದ್ದು ಹೋದ ವರ್ಷ ಮಾಡ್ಸಿದ್ವಿ, ಪಿಎಚ್ 6.1, ಸಾವಯವ ಇಂಗಾಲ ಕಮ್ಮಿ, ರಂಜಕ ಜಾಸ್ತಿ ಅಂತ ಇದೆ. ಗೊತ್ತಿರೋರು ಹೇಳಿ, ಹಾಕ್ಸಣವಾ ಬೇಡ್ವಾ? ಸೋಮವಾರದೊಳಗೆ ಹೇಳ್ಬೇಕಂತೆ.

ಏರಿಮೇಲ್_ಗೌಡ

ತಮ್ಮಾ, ಕೆರೆ ಗೋಡು ಬೇಡ ಅನ್ನೋ ರೈತನ್ನ ನಾನು ಈ ಐವತ್ತೆಂಟು ವರ್ಷದಲ್ಲಿ ನೋಡಿಲ್ಲ. ನಿಮ್ಮ ಕೆಂಪು ಮರಳು ಮಣ್ಣಿಗೆ ಬೇಕಾಗಿರೋದೇ ಅದು, ಜಿಗುಟು. ಗೊಬ್ಬರ ಒಂದ್ ವರ್ಷಕ್ಕೆ ಕರಗುತ್ತೆ, ಗೋಡು ಹಾಕಿದ್ರೆ ನೀರು ಹಿಡ್ಕೊಳೋ ಗುಣ ಹತ್ತು ವರ್ಷ ಇರುತ್ತೆ. ನಮ್ಮಪ್ಪ ಹಾಕ್ಸಿದ್ದ ಪಟ್ಟೆ ಈಗ್ಲೂ ಗೊತ್ತಾಗುತ್ತೆ, ಮಳೆ ಕೈಕೊಟ್ಟ ವರ್ಷ ಪಕ್ಕದ ಪಟ್ಟೇಲಿ ರಾಗಿ ಬಾಡಿದ್ರೆ ಅದರಲ್ಲಿ ಇನ್ನೂ ಒಂದು ವಾರ ಹಸ್ರಾಗಿರುತ್ತೆ.

ಆದ್ರೆ ಹಸಿ ಗೋಡು ನೇರ ಹಾಕ್ಬೇಡಿ. ಬೇಸಿಗೇಲಿ ತಂದು ಗುಡ್ಡೆ ಹಾಕಿ ಒಂದು ಮಳೆ ತೋಯ್ಲಿ, ಆಮೇಲೆ ತಿಪ್ಪೆ ಗೊಬ್ಬರದ ಜೊತೆ ಎಳ್ದು ಉಳುಮೆ ಮಾಡಿ. ಮೊದಲನೇ ವರ್ಷ ಸೊಪ್ಪು ಬೇಡ, ರಾಗಿನೋ ಹುರುಳಿನೋ ಹಾಕಿ. ಇಪ್ಪತ್ತು ಲೋಡು ಜಾಸ್ತಿ ಆಯ್ತು, ಅವನು ಬಾಡಿಗೆ ಆಸೆಗೆ ಹೇಳ್ತಾನೆ.

ಟೊಮೊಟೊ_ರೇಟು

ಸಿರಿಂಜ್ ಫ್ರೀ, ಶಾಂಪೂ ಫ್ರೀ, ಇನ್ನೇನ್ ಗುರು ಬೇಕು ನಿಂಗೆ

ಮಣ್ಣುಹುಳ

ನಾನು ಮಣ್ಣು ವಿಜ್ಞಾನದಲ್ಲಿ ಪಿಎಚ್‌ಡಿ ಮಾಡ್ತಿದೀನಿ, ಕೆಲ್ಸನೇ ಕೆರೆ ಕೆಸರಲ್ಲಿ ಲೋಹಗಳ ಮೇಲೆ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೀನಿ. ಗೌಡ್ರು ಹೇಳಿದ್ದು ಗೋಡಿನ ವಿಷ್ಯದಲ್ಲಿ ನೂರಕ್ಕೆ ನೂರು ಸರಿ. ಆದ್ರೆ ಅವರ ಅಪ್ಪ ಹಾಕ್ಸಿದ್ದು ಹೊಲ, ಗುಡ್ಡ, ಹುಲ್ಲುಗಾವಲಿಂದ ಕೊಚ್ಕೊಂಡು ಬಂದ ಮಣ್ಣು, ಅಂದ್ರೆ ಊರಿಂದು ಊರಿಗೇ ವಾಪಸ್ ಬಂದಂಗೆ. ಈ ಟಿಪ್ಪರ್‌ದು ಹಂಗಲ್ಲ. ಕೆರೆ ಅಂದ್ರೆ ಮೇಲ್ಗಡೆ ಜನ ಏನ್ ಬಿಟ್ರೋ ಅದರದ್ದೆಲ್ಲಾ ಲೆಕ್ಕ ಬರ್ದಿಟ್ಟಿರೋ ಪುಸ್ತಕ ಇದ್ದಂಗೆ, ನೀರು ಹರಿದು ಹೋಗುತ್ತೆ, ಲೆಕ್ಕ ಕೆಸರಲ್ಲಿ ಉಳಿಯುತ್ತೆ.

ಮೊದ್ಲು ಕಾರ್ಡ್ ವಿಷ್ಯ, ಯಾಕಂದ್ರೆ ಇದು ತುಂಬಾ ಜನಕ್ಕೆ ಗೊತ್ತಿಲ್ಲ. 2015ರಲ್ಲಿ ಶುರುವಾದ ಸಾಯಿಲ್ ಹೆಲ್ತ್ ಕಾರ್ಡಲ್ಲಿ ನೋಡೋದು 12 ಅಂಶ. ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ಆಮೇಲೆ ಪಿಎಚ್, ಇಸಿ (ಉಪ್ಪಿನ ಅಳತೆ), ಸಾವಯವ ಇಂಗಾಲ. ಇದರಲ್ಲಿ ಸೀಸ ಎಲ್ಲಿದೆ? ಕ್ಯಾಡ್ಮಿಯಂ ಎಲ್ಲಿದೆ? ಕ್ರೋಮಿಯಂ, ನಿಕಲ್? ಇಲ್ಲ. ಅದು ಗಿಡಕ್ಕೆ ಏನ್ ಕಮ್ಮಿ ಆಗಿದೆ ಅಂತ ಹೇಳೋ ಕಾರ್ಡು, ತಿನ್ನೋನಿಗೆ ಏನ್ ಜಾಸ್ತಿ ಆಗಿದೆ ಅಂತ ಹೇಳೋದಲ್ಲ. ಇನ್ನೊಂದು ತಮಾಷೆ ಅಂದ್ರೆ ಪ್ಲೇಟಿಂಗ್ ನೀರು ಬಂದಿರೋ ಕೆಸರನ್ನ ಕಾರ್ಡಿಗೆ ಕೊಟ್ರೆ ಸತು ತಾಮ್ರ ಸಾಕಷ್ಟು ಇದೆ ಅಂತ ಬಂದು ಒಳ್ಳೆ ಮಾರ್ಕ್ಸೇ ಸಿಗುತ್ತೆ! ನಿಮ್ಮಪ್ಪ ಅದನ್ನ ನೋಡಿ ಹೊಡ್ಸೇ ಬಿಡ್ತಾರೆ.

ಎರಡ್ನೇದು ನಿಮ್ಮ ತಾರಸಿ ಮೇಲೆ ಆಗಿದ್ದು. ಅದನ್ನ ಓದಿ ನಂಗೆ ರೋಮಾಂಚನ ಆಯ್ತು, ನಾವು ಲ್ಯಾಬಲ್ಲಿ ಸಾರಜನಕ ತುಂಬಿದ ಚೀಲದೊಳಗೆ ಕೈ ಹಾಕಿ ಮಾಡೋ ಕೆಲ್ಸದ ಉಲ್ಟಾ ಅದು. ಕೆರೆ ತಳದಲ್ಲಿ ಗಾಳಿ ಇರಲ್ಲ, ಅಲ್ಲಿರೋ ಬ್ಯಾಕ್ಟೀರಿಯಾ ಸಲ್ಫೇಟನ್ನ ಸಲ್ಫೈಡ್ ಮಾಡುತ್ವೆ, ಕೊಳೆತ ಮೊಟ್ಟೆ ವಾಸನೆ ಅದೇ. ಆ ಸಲ್ಫೈಡು ಕಬ್ಬಿಣದ ಜೊತೆ ಸೇರಿ ಕಾಡಿಗೆ ಕಪ್ಪು ಆಗುತ್ತೆ, ಸತು, ಸೀಸ, ಕ್ಯಾಡ್ಮಿಯಂ ಬಂದ್ರೆ ಅವನ್ನೂ ಗಟ್ಟಿಯಾಗಿ ಹಿಡಿದು ಕೂರಿಸ್ಕೊಳುತ್ತೆ. ಅಂದ್ರೆ ಕೆಸರು ನೀರಡಿ ಇರೋವರ್ಗೂ ವಿಷ ಬೀಗ ಹಾಕಿದ ಪೆಟ್ಟಿಗೇಲಿ ಇದ್ದಂಗೆ. ತೆಗೆದು ಬಿಸಿಲಿಗೆ ಹರವಿದ್ರಲ್ಲ, ಗಾಳಿ ತಾಗಿ ಸಲ್ಫೈಡ್ ಒಡೀತು, ಕಬ್ಬಿಣ ತುಕ್ಕಾಯ್ತು (ಬಿರುಕಿನ ಅಂಚಲ್ಲಿ ಗೆರೆ ಬಂದಿದ್ದು ಅದೇ, ಗಾಳಿ ಮೊದ್ಲು ಹೋಗೋದು ಬಿರುಕಲ್ಲೇ), ಸ್ವಲ್ಪ ಆಮ್ಲನೂ ಹುಟ್ಟುತ್ತೆ, ಪೆಟ್ಟಿಗೆ ಬೀಗ ಓಪನ್ನು. ಎಲ್ಲಾನೂ ಹೊರಗೆ ಬರಲ್ಲ, ಒಂದಷ್ಟನ್ನ ಆ ತುಕ್ಕೇ ಮತ್ತೆ ಹಿಡ್ಕೊಳುತ್ತೆ, ಆದ್ರೆ ಕ್ಯಾಡ್ಮಿಯಮ್ಮು ಸತು ಇವೆರಡು ಜಾಸ್ತಿ ಓಡಾಡೋ ಜಾತಿ. ಸೋ ವಾಸನೆ ಹೋಯ್ತು ಅಂದ್ರೆ ಶುದ್ಧ ಆಯ್ತು ಅಂತ ಅಲ್ಲ.

ಮೂರ್ನೇದು ಬೆಳೆ. ಕ್ಯಾಡ್ಮಿಯಂ ಬೇರಿಂದ ಎಲೆಗೆ ಸಲೀಸಾಗಿ ಹತ್ತುತ್ತೆ, ಅದರಲ್ಲೂ ಪಾಲಕ್ ಥರದ ಸೊಪ್ಪು ಅದನ್ನ ಎಳ್ಕೊಳೋದ್ರಲ್ಲಿ ಎತ್ತಿದ ಕೈ. ಮಣ್ಣು ಹುಳಿ ಇದ್ದಷ್ಟೂ ಜಾಸ್ತಿ ಎಳ್ಕೊಳುತ್ತೆ, ನಿಮ್ದು ಪಿಎಚ್ 6.1 ಅಂತೀರ, ಅಂದ್ರೆ ಸ್ವಲ್ಪ ಹುಳಿ ಕಡೆನೇ. ಸೀಸ ಹಂಗಲ್ಲ, ಅದು ಬೇರಲ್ಲೇ ನಿಂತ್ಬಿಡುತ್ತೆ, ಆದ್ರೆ ಮಳೆ ಹನಿ ಬಿದ್ದು ಮಣ್ಣು ಎಲೆಗೆ ಚಿಮ್ಮುತ್ತಲ್ಲ, ಆ ದಾರೀಲಿ ಬರುತ್ತೆ. ಕೊತ್ತಂಬರಿ ಕಟ್ಟನ್ನ ಎಷ್ಟು ತೊಳೆದ್ರೂ ಬುಡದಲ್ಲಿ ಮಣ್ಣು ಇರುತ್ತೆ, ಮನೇಲಿ ಅಮ್ಮಂದ್ರನ್ನ ಕೇಳಿ. ಎಲೆ ತರಕಾರಿಗೆ ಕೋಡೆಕ್ಸ್ (ಅಂತರರಾಷ್ಟ್ರೀಯ ಆಹಾರ ಮಾನದಂಡ) ಮಿತಿ ಕೆಜಿಗೆ ಕ್ಯಾಡ್ಮಿಯಂ 0.2 ಮಿಲಿಗ್ರಾಂ, ಸೀಸ 0.3. ಎಷ್ಟು ಕಮ್ಮಿ ನೋಡಿ. ರಾಗಿ ಕಾಳಿಗೆ ಸೊಪ್ಪಿನಷ್ಟು ಹೋಗಲ್ಲ, ಮಾವಿನ ಹಣ್ಣಿಗೆ ಇನ್ನೂ ಕಮ್ಮಿ.

ಒಂದು ಲೆಕ್ಕ ಮಾಡಿ ತೋರಿಸ್ತೀನಿ, ಬರೀ ಉದಾಹರಣೆಗೆ. ಒಂದೆಕರೆ ಹೊಲದ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 850 ಟನ್ ತೂಗುತ್ತೆ. ಇಪ್ಪತ್ತು ಲೋಡ್ ಗೋಡು ಒಣಗಿದ್ಮೇಲೆ 150 ಟನ್ ಅನ್ಕೊಳಣ. ಆ ಗೋಡಲ್ಲಿ ಕೆಜಿಗೆ 4 ಮಿಲಿಗ್ರಾಂ ಕ್ಯಾಡ್ಮಿಯಂ ಇದೆ ಅಂತ ಇಟ್ಕೊಳಿ. ಒಟ್ಟು 600 ಗ್ರಾಂ ಆಯ್ತು, ಒಂದು ಕೈಚೀಲದಲ್ಲಿ ಹಿಡಿಸೋವಷ್ಟು. ಅದು 1000 ಟನ್ ಮಣ್ಣಲ್ಲಿ ಬೆರೆತ್ರೆ ಕೆಜಿಗೆ 0.6 ಮಿಲಿಗ್ರಾಂ ಏರುತ್ತೆ, ಮಾಮೂಲಿ ಹೊಲದ ಮಣ್ಣಲ್ಲಿ ಸಾಮಾನ್ಯವಾಗಿ 1ರ ಒಳಗೇ ಇರೋ ಧಾತು ಇದು, ಒಂದೇ ಬೇಸಿಗೇಲಿ ಆ ಮಟ್ಟ ಎಷ್ಟು ಮೇಲಕ್ಕೆ ಹೋಯ್ತು ನೋಡಿ. ಯೂರಿಯಾ ಆದ್ರೆ ಜಾಸ್ತಿ ಹಾಕಿದ್ರೂ ಮುಂದಿನ ಮಳೆಗೆ ಹೋಗುತ್ತೆ, ಈ 600 ಗ್ರಾಂ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಅಲ್ಲೇ ಇರುತ್ತೆ. ಜಪಾನ್‌ನ ಟೊಯಾಮಾ ಕಡೆ ಗಣಿ ನೀರು ಗದ್ದೆಗೆ ಹರಿದು ಅಕ್ಕಿ ಮೂಲಕ ಜನಕ್ಕೆ ಕ್ಯಾಡ್ಮಿಯಂ ಹೋಗಿ ಮೂಳೆ ಮುರಿಯೋ ಕಾಯಿಲೆ ಬಂತು, ಇತಾಯ್ ಇತಾಯ್ ಅಂತ ಹೆಸ್ರು, ಅಂದ್ರೆ ಅಯ್ಯೋ ನೋವು ಅಂತ. 1968ರಲ್ಲಿ ಸರ್ಕಾರ ಒಪ್ಕೊಂತು. ಆ ಗದ್ದೆಗಳ ಮೇಲ್ಮಣ್ಣು ಸರಿ ಮಾಡೋ ಕೆಲ್ಸ 1979ರಲ್ಲಿ ಶುರುವಾಗಿ 2012ಕ್ಕೆ ಮುಗೀತು. ನಿಮ್ಮ ಕೆರೇನ ಅದಕ್ಕೆ ಹೋಲಿಸ್ತಿಲ್ಲ, ಗಣಿ ಲೆಕ್ಕಾನೇ ಬೇರೆ, ವಾಪಸ್ ತೆಗೆಯೋದು ಎಷ್ಟು ಕಷ್ಟ ಅಂತ ಹೇಳಿದೆ ಅಷ್ಟೆ.

ಏರಿಮೇಲ್_ಗೌಡ

ಓದಿರೋರು ಹಿಂಗೆ ಹೆದರ್ಸ್ತೀರ ನೋಡಿ ಮೇಡಂ ಅಥವಾ ಸರ್, ಯಾರೋ ಗೊತ್ತಾಗ್ಲಿಲ್ಲ. ಡಿಎಪಿ ಮೂಟೆ ಮೇಲೆ ಮೂಟೆ ಸುರಿಯೋವಾಗ ಯಾರೂ ಬಂದು ಲೆಕ್ಕ ಹೇಳ್ಲಿಲ್ಲ, ರೈತ ಫ್ರೀಯಾಗಿ ಮಣ್ಣು ತರ್ತೀನಿ ಅಂದಾಗ ಜಪಾನ್ ಕಥೆ. ಬೆಂಗಳೂರು ಸುತ್ತ ಎಷ್ಟು ಜನ ಇದೇ ಗೋಡಲ್ಲಿ ಸೊಪ್ಪು ಬೆಳೆದು ಮಾರ್ತಾವ್ರೆ, ಎಲ್ಲಾ ಸತ್ತೋದ್ರಾ?

ಮಣ್ಣುಹುಳ

ಮೇಡಂ ಗೌಡ್ರೆ. ಡಿಎಪಿ ಮಾತು ಒಪ್ಪಿದೆ, ನಿಜ ಹೇಳ್ಬೇಕಂದ್ರೆ ಕಲ್ಲು ರಂಜಕದಿಂದ ಮಾಡೋ ಗೊಬ್ಬರದಲ್ಲೂ ಚೂರು ಕ್ಯಾಡ್ಮಿಯಂ ಇದ್ದೇ ಇರುತ್ತೆ. ಯಾರೂ ಸತ್ತಿಲ್ಲ, ಸಾಯೋದೂ ಇಲ್ಲ ನಾಳೆ ನಾಳಿದ್ದರಲ್ಲಿ, ಇದು ಎಂಡ್ರಿನ್ ಕುಡಿದಂಗಲ್ಲ. ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ಹತ್ತಿಪ್ಪತ್ತು ವರ್ಷ ಕೂತಿರುತ್ತೆ, ಸೀಸ ಚಿಕ್ಕ ಮಕ್ಕಳ ತಲೆಗೆ ಹೋಗುತ್ತೆ. ಯಾವ ಡಾಕ್ಟರೂ ಇದು ಆ ಪಾಲಕ್ಕಿಂದ ಬಂತು ಅಂತ ಚೀಟೀಲಿ ಬರ್ಯೋಕಾಗಲ್ಲ, ಅದೇ ಇದರ ತೊಂದ್ರೆ. ನಾನು ಬೇಡ ಅಂತಿಲ್ಲ, ಟೆಸ್ಟ್ ಮಾಡ್ಸದೆ ಬೇಡ ಅಂತಿದೀನಿ.

ನೊರೆಹತ್ರ_ಮನೆ

ನಾನು ಬೆಳ್ಳಂದೂರು ಕೆರೆ ಹತ್ರ ಹನ್ನೊಂದು ವರ್ಷದಿಂದ ಇದೀನಿ, ಕೆರೆ ಕಾಯೋ ಗುಂಪಲ್ಲಿ ಭಾನುವಾರ ಹೋಗ್ತೀನಿ, ಸೈಂಟಿಸ್ಟ್ ಅಲ್ಲ. 2015ರಲ್ಲಿ ನೊರೆಗೆ ಬೆಂಕಿ ಹತ್ತಿದ್ದು ಎಲ್ರೂ ನೋಡಿದೀರ, ಆಮೇಲೆ 2017, 2018ರಲ್ಲೂ ಹೊಗೆ ಬಂತು, ಒಂಬೈನೂರು ಎಕರೆ ಕೆರೇಲಿ ಬೆಂಕಿ ಆರ್ಸೋಕೆ ಮಿಲಿಟರಿಯವರು ಬರ್ಬೇಕಾಯ್ತು. ಆ ಟೈಮಲ್ಲಿ ನಾವೆಲ್ಲಾ ನೀರು ಕೆಟ್ಟಿದೆ ನೀರು ಕೆಟ್ಟಿದೆ ಅಂತ ಬಾಯ್ ಬಡ್ಕೊತಿದ್ವಿ. ಐಐಎಸ್ಸಿಯವರು ನೊರೆ ಮೇಲೆ ಕೆಲ್ಸ ಮಾಡಿ ಹೇಳಿದ್ದೇನಂದ್ರೆ ಬಟ್ಟೆ ಸೋಪಿನ ಪುಡೀಲಿರೋ ನೊರೆ ಅಂಶ ಕೆಳಗಿನ ಕೆಸರಿಗೆ ಅಂಟ್ಕೊಂಡು ಕೂತಿರುತ್ತೆ, ಜೋರು ಮಳೆ ಬಂದಾಗ ಕೆಸರು ಕಲಕಿ ಮತ್ತೆ ಮೇಲೆ ಬರುತ್ತೆ ಅಂತ. ಅದಕ್ಕೇ ಮಳೆ ಬಂದ ಮಾರನೇ ದಿನ ಕೋಡಿ ಹತ್ರ ನೊರೆ ಜಾಸ್ತಿ ಇರ್ತಿತ್ತು, ನಾವು ಮಳೆಗೆ ತೊಳೆದು ಹೋಗುತ್ತೆ ಅನ್ಕೊಂಡಿದ್ವಿ, ಉಲ್ಟಾ. ಸೋ ಮೇಡಂ ಹೇಳಿದ ಲೆಕ್ಕದ ಪುಸ್ತಕ ಮಾತು ನಂಗೆ ಸರೀ ಅನ್ಸುತ್ತೆ.

ಇನ್ನೊಂದು, ಕೆರೆ ಹೂಳು ಎಲ್ಲಾ ಒಂದೇ ಅಲ್ಲ. ನಮ್ಮ ಕಡೆ ನೋಡಿದ್ದು ಹೇಳ್ತೀನಿ, ರಾಜಕಾಲುವೆ ಬಂದು ಸೇರೋ ಬಾಯಲ್ಲಿ ಜೊಂಡು ದಟ್ಟವಾಗಿರುತ್ತೆ, ಕಿತ್ರೆ ಬೇರಿನ ಸುತ್ತ ಎಣ್ಣೆ ಹಚ್ದಂಗೆ ಕಪ್ಪು ಕೆಸರು, ಏರಿ ಕಡೆ ಹೋದ್ರೆ ಬೇರೆ ಬಣ್ಣ. ಟಿಪ್ಪರ್‌ನವನು ಯಾವ ಮೂಲೆಯಿಂದ ತುಂಬ್ತಾನೆ ಕೇಳಿ. ಕೇಳಿದ್ರೆ ಸುಳ್ಳು ಹೇಳ್ತಾನೆ ಅದು ಬೇರೆ ವಿಷ್ಯ, ಹೋಗಿ ನಿಂತು ನೋಡಿ.

ಮತ್ತೆ ಇದನ್ನೆಲ್ಲಾ ತಡೆಯೋಕೆ ಜೌಗು ಪ್ರದೇಶದ ಕಾನೂನು ಇದ್ಯಲ್ಲ ಅಂತ ಯಾರಾದ್ರೂ ಕೇಳೋ ಮುಂಚೆ ಹೇಳ್ಬಿಡ್ತೀನಿ, 2017ರ ನಿಯಮದಲ್ಲಿ ನೀರಾವರಿಗೆ, ಕುಡಿಯೋ ನೀರಿಗೆ ಅಂತ ಮನುಷ್ಯ ಕಟ್ಟಿದ ಕೆರೆಗಳನ್ನ ಜೌಗು ಪ್ರದೇಶ ಅನ್ನೋ ವ್ಯಾಖ್ಯಾನದಿಂದಾನೇ ಹೊರಗಿಟ್ಟಿದಾರೆ. ನಮ್ಮ ಕಡೆ ಹೆಚ್ಚು ಕಮ್ಮಿ ಎಲ್ಲಾ ಕೆರೆನೂ ಯಾರೋ ಒಬ್ಬ ಪಾಳೇಗಾರನೋ ಗೌಡನೋ ಏರಿ ಕಟ್ಸಿದ್ದೇ ತಾನೆ. ಜಕ್ಕೂರು ಕೆರೇಲಿ ಶುದ್ಧೀಕರಣ ಘಟಕದ ನೀರನ್ನ ಮೊದ್ಲು ಜೊಂಡಿನ ಜೌಗಿಗೆ ಬಿಟ್ಟು ಆಮೇಲೆ ಕೆರೆಗೆ ಬಿಡ್ತಾರೆ, ಅದು ಒಳ್ಳೆ ಐಡಿಯಾ, ಆದ್ರೆ ಆ ಜೊಂಡನ್ನ ಆಗಾಗ ಕೊಯ್ದು ಹೊರಗೆ ಸಾಗಿಸ್ಬೇಕು, ಇಲ್ಲಾಂದ್ರೆ ಅಲ್ಲೇ ಕೊಳೆತು ಹೀರಿದ್ದೆಲ್ಲಾ ವಾಪಸ್ ಕೆರೆಗೇ.

ಕೋಲಾರ_ಬಾವಿ

ಪ್ರಶ್ನೆ ಗೋಡಿಂದು ಸರಿ, ಆದ್ರೆ ಹುಡ್ಗ ಕೆಸಿ ವ್ಯಾಲಿ ನೀರು ಬಂದು ಖುಷಿ ಅಂದಿದ್ದಕ್ಕೆ ಒಂದ್ ಮಾತು. 2018 ಜೂನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಿಟ್ಟಾಗ ನಾನು ಅಲ್ಲೇ ಇದ್ದೆ, ಹೆಣ್ಮಕ್ಕಳು ಬಾಗಿನ ಕೊಟ್ರು. ಜುಲೈಗೆ ನೊರೆ ಕಾಣಿಸ್ತು, ಹೈಕೋರ್ಟ್ ತಡೆ ಕೊಡ್ತು, ಸೆಪ್ಟೆಂಬರ್‌ಗೆ ತೆರವಾಯ್ತು, ಆಮೇಲೆ ಸುಪ್ರೀಂ ಕೋರ್ಟ್ವರೆಗೂ ಹೋಗಿ ಬಂತು. ದಿನಕ್ಕೆ 440 ದಶಲಕ್ಷ ಲೀಟರ್, ಮೊದಲ ಹಂತಕ್ಕೆ 137 ಕೆರೆ, ಸಣ್ಣ ಮಾತಲ್ಲ. ಆದ್ರೆ ಬಿಡೋದು ಎರಡನೇ ಹಂತ ಶುದ್ಧ ಮಾಡಿದ ನೀರು, ಮೂರನೇ ಹಂತನೂ ಮಾಡಿ ಅಂತ ನಾವು ಕೇಳ್ತಾನೇ ಇದೀವಿ. ಎರಡನೇ ಹಂತದಲ್ಲಿ ಕೊಳೆ ಹೋಗುತ್ತೆ, ಉಪ್ಪು ಹೋಗಲ್ಲ, ಸಾರಜನಕ ರಂಜಕ ಪೂರ್ತಿ ಹೋಗಲ್ಲ.

ಅಂದ್ರೆ ನಿಮ್ಮೂರ ಕೆರೆ ತಳದಲ್ಲೂ ಹೊಸ ಪುಸ್ತಕ ಶುರುವಾಗಿದೆ ಅನ್ಕೊಳಿ. ಅದು ಬತ್ತಿದ ದಿನ ಆ ಗೋಡನ್ನೂ ಟೆಸ್ಟ್ ಮಾಡ್ಸೇ ಹೊಲಕ್ಕೆ ಹಾಕ್ಬೇಕಾಗುತ್ತೆ. ನೀರು ಬಂದಿದ್ದಕ್ಕೆ ನಾನು ವಿರೋಧಿ ಅಲ್ಲ, ಸಾವಿರದೈನೂರಡಿ ಕೊರೆದು ಧೂಳು ನೋಡಿದೋನು ನಾನು.

ಬಿಡದಿಕಡೆ_ಹೈನು

ಬೈರಮಂಗಲ ಕೆರೆ ಕೆಳಗಡೆ ನಮ್ಮ ಜಮೀನು. ಬೆಂಗಳೂರಿನ ಚರಂಡಿ ಹೊತ್ಕೊಂಡು ಬರೋ ವೃಷಭಾವತಿ ನೀರು ಏನು ಅಂತ ನಿಮಗೆ ಹೇಳ್ಬೇಕಾಗಿಲ್ಲ. ನಮ್ಮ ಕಡೆ ಭತ್ತ ಬಿಟ್ಟು ತುಂಬಾ ವರ್ಷ ಆಯ್ತು, ಸಾರ ಜಾಸ್ತಿಯಾಗಿ ಎತ್ತರಕ್ಕೆ ಬೆಳೆದು ಮಕಾಡೆ ಮಲಗ್ತಿತ್ತು, ತೆನೇಲಿ ಬರೀ ಜೊಳ್ಳು. ಈಗ ಸೀಮೆ ಹುಲ್ಲು, ಬೇಬಿ ಕಾರ್ನು, ಹಿಪ್ಪುನೇರಳೆ. ಹುಲ್ಲು ಸೊಂಪಾಗಿ ಬರುತ್ತೆ, ಹಸುನೂ ತಿನ್ನುತ್ತೆ. ನೀರಿಗಿಳಿದ್ರೆ ಮಾತ್ರ ಮೊಣಕಾಲ್ ಕೆಳಗೆ ಕಡಿತ, ನಮ್ಮಮ್ಮ ಹೊಂಗೆ ಎಣ್ಣೆ ಹಚ್ಕೊಂಡೇ ಇಳಿಯೋದು. ನಾವು ಆಯ್ಕೆ ಮಾಡ್ಕೊಂಡಿದ್ದಲ್ಲ ಇದು, ಹರಿದು ಬಂದಿದ್ದು. ನೀವು ಬಾಡಿಗೆ ಕೊಟ್ಟು ತರ್ಸ್ಕೊತೀನಿ ಅಂತೀರಲ್ಲ, ನಗು ಬಂತು ಸ್ವಲ್ಪ. ಬೇಜಾರ್ ಮಾಡ್ಕೋಬೇಡಿ.

ಮಾಲೂರ್‌ಹುಡ್ಗ

ಎಲ್ರಿಗೂ ಥ್ಯಾಂಕ್ಸ್. ಮಣ್ಣುಹುಳ ಮೇಡಂ ಹೇಳಿದ್ದನ್ನ ಅಪ್ಪಂಗೆ ಓದಿ ಹೇಳಿದೆ. ಜಪಾನ್ ಕಥೆಗೆ ಏನೂ ಅನ್ಲಿಲ್ಲ, ಬೈರಮಂಗಲದವರದ್ದು ಓದ್ದಾಗ ಮಾತ್ರ ಸುಮ್ನೆ ಕೂತಿದ್ರು ಸ್ವಲ್ಪ ಹೊತ್ತು, ನಮ್ಮತ್ತೆ ಮನೆ ಆ ಕಡೆನೇ. ಆದ್ರೆ ಒಂದು ಎಡವಟ್ಟಾಗಿದೆ, ಟಿಪ್ಪರ್‌ನವನು ಸೋಮವಾರ ಅಂದೋನು ಶನಿವಾರ ರಾತ್ರಿನೇ ಬಂದು ಒಂದು ಲೋಡ್ ಬದು ಪಕ್ಕ ಸುರಿದು ಹೋಗಿದಾನೆ, ಸ್ಯಾಂಪಲ್ಲಿಗೆ ಇರ್ಲಿ ಅಂತೆ. ಬೆಳಿಗ್ಗೆ ಎದ್ರೆ ಕೋಳಿಗಳೆಲ್ಲಾ ಅದರ ಮೇಲೇ ಕೆರೀತಿದಾವೆ.

ಈಗ ಟೆಸ್ಟ್ ಹೆಂಗೆ ಮಾಡ್ಸೋದು? ಎಲ್ಲಿ? ಏನ್ ಕೇಳ್ಬೇಕು? ಕುಂಡದಲ್ಲಿ ಹೆಸರುಕಾಳು ಹಾಕಿ ಮೊಳಕೆ ಬಂದ್ರೆ ಓಕೆ ಅಂತ ಒಬ್ರು ಹೇಳಿದ್ರು, ಅದು ಸಾಲಲ್ವಾ?

ಮಣ್ಣುಹುಳ

ಹೆಸರುಕಾಳು ಟೆಸ್ಟ್ ಮಾಡಿ, ಖರ್ಚಿಲ್ಲ, ಆದ್ರೆ ಅದರಲ್ಲಿ ಗೊತ್ತಾಗೋದು ಉಪ್ಪು, ಆಮ್ಲ, ಅಥವಾ ತೀರಾ ಜಾಸ್ತಿ ವಿಷ ಇದ್ಯಾ ಅಂತ ಅಷ್ಟೆ. ಜನಕ್ಕೆ ತೊಂದ್ರೆ ಕೊಡೋವಷ್ಟು ಕ್ಯಾಡ್ಮಿಯಂ ಇದ್ರೂ ಗಿಡ ಆರಾಮಾಗಿ ಹಸ್ರಾಗೇ ಇರುತ್ತೆ. ಗಿಡ ಚೆನ್ನಾಗಿದೆ ಅಂದ್ರೆ ತಿನ್ನೋಕೂ ಚೆನ್ನಾಗಿದೆ ಅಂತ ಎಲ್ಲಾರೂ ಅನ್ಕೊಳೋದು, ನಾನೂ ಓದೋಕೆ ಬರೋ ಮುಂಚೆ ಹಂಗೇ ಅನ್ಕೊಂಡಿದ್ದೆ.

ಲ್ಯಾಬಿಗೆ ಕೊಡೋವಾಗ ಮಣ್ಣು ಪರೀಕ್ಷೆ ಅಂತ ಕೇಳ್ಬೇಡಿ, ಕಾರ್ಡಿನ ಹನ್ನೆರಡೇ ಮಾಡಿ ಕೊಡ್ತಾರೆ. ಎನ್‌ಎಬಿಎಲ್ ಮಾನ್ಯತೆ ಇರೋ ಲ್ಯಾಬಲ್ಲಿ ಹೆವಿ ಮೆಟಲ್ಸ್ ಅಂತ ಬಾಯ್ಬಿಟ್ಟು ಹೇಳಿ, ಕ್ಯಾಡ್ಮಿಯಂ, ಸೀಸ, ಕ್ರೋಮಿಯಂ, ನಿಕಲ್ ಇವು ನಾಲ್ಕು ಮುಖ್ಯ, ಕೈಲಿ ದುಡ್ಡಿದ್ರೆ ಸತು ತಾಮ್ರನೂ. ಎರಡು ಥರ ಲೆಕ್ಕ ಇದೆ, ಆಮ್ಲದಲ್ಲಿ ಕುದಿಸಿ ಮಾಡೋದು ಒಟ್ಟು, ಡಿಟಿಪಿಎ ಅಂತ ಮಾಡೋದು ಗಿಡಕ್ಕೆ ಸಿಗೋವಷ್ಟು. ನಿಮಗೆ ಮೊದ್ಲು ಒಟ್ಟು ಬೇಕು, ಯಾಕಂದ್ರೆ ಇವತ್ತು ಗಿಡಕ್ಕೆ ಸಿಗದೇ ಇದ್ದಿದ್ದು ಪಿಎಚ್ ಇಳಿದ್ರೆ ನಾಳೆ ಸಿಗುತ್ತೆ. ಬಂದ ನಂಬರನ್ನ ಏನಕ್ಕೆ ಹೋಲಿಸೋದು ಅಂದ್ರೆ, ಹತ್ತಿರದ ಅಳತೆ ಅಂತ ನಾನು ಬಳಸೋದು ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ಸಿಟಿ ಕಾಂಪೋಸ್ಟಿಗೆ (ಊರ ಕಸದಿಂದ ಮಾಡೋ ಗೊಬ್ಬರ) ಇಟ್ಟಿರೋ ಮಿತಿ. ಕೆಜಿಗೆ ಕ್ಯಾಡ್ಮಿಯಂ 5 ಮಿಲಿಗ್ರಾಂ, ಸೀಸ 100, ಕ್ರೋಮಿಯಂ 50, ನಿಕಲ್ 50, ತಾಮ್ರ 300, ಸತು 1000. ಆದ್ರೆ ಹುಷಾರು, ಕಾಂಪೋಸ್ಟನ್ನ ಎಕರೆಗೆ ನಾಲ್ಕೈದು ಟನ್ ಹಾಕ್ತೀವಿ, ಗೋಡನ್ನ ನೂರೈವತ್ತು ಟನ್. ಅದಕ್ಕೆ ಮಿತಿಯೊಳಗೆ ಇದೆ ಅಂದ ಮಾತ್ರಕ್ಕೆ ಇಪ್ಪತ್ತು ಲೋಡ್ ಹಾಕಿ ಅಂತಲ್ಲ. ಕ್ರೋಮಿಯಂ ಜಾಸ್ತಿ ಬಂದ್ರೆ ಗಾಬರಿ ಬೀಳ್ಬೇಡಿ, ಕೆಲವು ಕಡೆ ಕಲ್ಲಲ್ಲೇ ಇರುತ್ತೆ, ಕೆಸರಲ್ಲಿ ಇರೋದು ಹೆಚ್ಚಾಗಿ ಕಮ್ಮಿ ವಿಷದ ರೂಪದ್ದು. ಜೊತೆಗೆ ನಿಮ್ಮ ಹೊಲದ್ದೂ ಒಂದು ಸ್ಯಾಂಪಲ್ ಕೊಡಿ. ಮೊದ್ಲು ಎಷ್ಟಿತ್ತು ಅಂತ ಗೊತ್ತಿಲ್ದೆ ಆಮೇಲೆ ಏರಿದ್ದು ಗೊತ್ತಾಗಲ್ಲ.

ಸ್ಯಾಂಪಲ್ ತೆಗೆಯೋದು ಲ್ಯಾಬಿಗಿಂತ ಮುಖ್ಯ. ಗುಡ್ಡೆ ಮೇಲಿಂದ ಒಂದು ಬೊಗಸೆ ತೆಗೆದ್ರೆ ಆಗಲ್ಲ. ಹತ್ತು ಹನ್ನೆರಡು ಕಡೆ ಒಳಗೆ ಕೈ ಹೋಗೋವಷ್ಟು ತೋಡಿ ಒಂದೊಂದು ಹಿಡಿ ತೆಗೆದು ಪ್ಲಾಸ್ಟಿಕ್ ಹಾಳೆ ಮೇಲೆ ಕಲ್ಸಿ, ರೊಟ್ಟಿ ಥರ ಹರವಿ ನಾಲ್ಕು ಭಾಗ ಮಾಡಿ, ಎದುರು ಬದುರು ಎರಡು ಬಿಸಾಕಿ, ಮತ್ತೆ ಕಲ್ಸಿ ಮತ್ತೆ ನಾಲ್ಕು, ಹಿಂಗೆ ಅರ್ಧ ಕೆಜಿ ಉಳಿಯೋವರ್ಗೂ. ಹೊಲದಲ್ಲೂ ಇದೇ, ಅರ್ಧ ಅಡಿ ಆಳಕ್ಕೆ ವಿ ಆಕಾರದಲ್ಲಿ ತೋಡಿ. ನೆರಳಲ್ಲಿ ಒಣಗಿಸಿ. ಸಾಧ್ಯ ಆದ್ರೆ ಕೆರೆಗೇ ಹೋಗಿ ರಾಜಕಾಲುವೆ ಬಾಯಿಂದ ಒಂದು, ಕೋಡಿ ಕಡೆಯಿಂದ ಒಂದು ಬೇರೆ ಬೇರೆ ಚೀಲದಲ್ಲಿ ತನ್ನಿ, ನೊರೆಹತ್ರ_ಮನೆ ಅವರು ಹೇಳಿದ್ದು ಸರಿ, ಎರಡಕ್ಕೂ ಅಜಗಜಾಂತರ ಇರ್ಬಹುದು.

ಮತ್ತೆ ನಿಮ್ಮ ಕಾರ್ಡ್ ನೋಡಿದ್ರೆ ರಂಜಕ ಈಗಾಗ್ಲೇ ಜಾಸ್ತಿ ಇದೆ. ಊರ ಚರಂಡಿ ಗೋಡು ಕೊಡೋ ದೊಡ್ಡ ಸಾರ ಅಂದ್ರೆ ರಂಜಕಾನೇ, ಅದು ನಿಮಗೆ ಬೇಕಾಗಿಲ್ಲ. ನಿಮಗೆ ಬೇಕಾಗಿರೋದು ಜಿಗುಟು ಮತ್ತೆ ಸಾವಯವ ಇಂಗಾಲ. ಅದಕ್ಕೆ ಹಳ್ಳಿ ಕಡೆ ಯಾವುದಾದ್ರೂ ಚರಂಡಿ ಸೇರದ ಸಣ್ಣ ಕುಂಟೆ ಇದ್ರೆ ಆ ಗೋಡು ಐದಾರು ಲೋಡ್ ಸಾಕು, ದೂರ ಆದ್ರೂ ಬಾಡಿಗೆ ಅದಕ್ಕೇ ಕೊಡಿ.

ಏರಿಮೇಲ್_ಗೌಡ

ಇದು ಮಾತು. ಕುಂಟೆ ಗೋಡು ಅಂದ್ರೆ ನಮ್ಮೂರಲ್ಲೇ ಇದೆ, ಹೊಸಕೋಟೆ ದಾಟಿ ಎಂಟು ಕಿಲೋಮೀಟ್ರು, ಮೇಲ್ಗಡೆ ನೀಲಗಿರಿ ತೋಪು ಬಿಟ್ರೆ ಏನೂ ಇಲ್ಲ. ಪಂಚಾಯ್ತಿಗೆ ಒಂದು ಅರ್ಜಿ ಕೊಟ್ಟು ತೆಗಿಬೇಕು. ಮೆಸೇಜ್ ಮಾಡು ತಮ್ಮಾ. ಟೆಸ್ಟ್ ಮಾಡ್ಸೇ ತಗೊಂಡೋಗು, ಆಮೇಲೆ ಮೇಡಂ ನನ್ನ ಬೈಬಾರ್ದು.

ಮಾಲೂರ್‌ಹುಡ್ಗ

ಆಯ್ತು ಗೌಡ್ರೆ, ಮೆಸೇಜ್ ಮಾಡ್ತೀನಿ. ಗುಡ್ಡೆ ಮೇಲೆ ಟಾರ್ಪಾಲ್ ಹೊದ್ಸಿ ಸುತ್ತ ಕಲ್ಲಿಟ್ಟಿದೀವಿ, ಕೋಳಿನ ಆ ಕಡೆ ಬಿಡ್ತಿಲ್ಲ. ಟಿಪ್ಪರ್‌ನವನಿಗೆ ವಾಪಸ್ ತಗೊಂಡೋಗು ಅಂದ್ರೆ ಅದಕ್ಕೂ ಬಾಡಿಗೆ ಕೇಳ್ತಾನೆ. ನಾಳೆ ಬೆಳಿಗ್ಗೆ ಕೆರೆ ಹತ್ರ ಹೋಗಿ ಎರಡು ಕಡೆ ಸ್ಯಾಂಪಲ್ ತರೋಣ ಅಂತ ಅಪ್ಪನೇ ಹೇಳಿದ್ರು, ಸನಿಕೆ ಮತ್ತೆ ಜಿಂಕ್ ಬಕೆಟ್ ತೆಗ್ದಿಟ್ಟಿದಾರೆ.

ಮಣ್ಣುಹುಳ

ಜಿಂಕ್ ಬಕೆಟ್ ಬೇಡ ಮಾರಾಯ್ರೆ, ಸತು ಎಲ್ಲಾ ಬಕೆಟ್ಟಿಂದೇ ಬರುತ್ತೆ ರಿಪೋರ್ಟಲ್ಲಿ. ಪ್ಲಾಸ್ಟಿಕ್ ಮಗ್ಗು, ಮರದ ತುಂಡು ಇಟ್ಕೊಳಿ. ಕೈಗೆ ಗ್ಲೌಸ್ ಹಾಕ್ಕೊಳಿ, ಸಿರಿಂಜ್ ಇರುತ್ತೆ.